ಕಪಿಲೆ ಬಾವಿಯ ಕೂಗು

ಮೊನ್ನೆ ಮುಳಬಾಗಿಲಿನ ಸಂತೆಯಲ್ಲಿ ಒಬ್ಬರು ತೊಗಲಿಗೆ ಹೊಂಗೆ ಎಣ್ಣೆ ಸವರುತ್ತಿದ್ದರು. ವಾಸನೆ ಬಡಿದದ್ದೇ ಕಾಲು ನಿಂತುಬಿಟ್ಟಿತು. ನನ್ನ ಮೂಗು ಊರಿಗೇ ದೊಡ್ಡದು. ಯಾವ ವಾಸನೆಯಾದರೂ ಮೊದಲು ಬರುವುದು ನನ್ನಲ್ಲಿಗೇ. ಅದು ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲು ಚೀಲದ ವಾಸನೆ. ಆವನಿಯಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡಪ್ಪನ ವಾಸನೆ...

ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಬಾವಿಯಿಂದ ನೀರಿನ ಚೀಲ ಮೇಲೆ ಬರುತ್ತದೆ. ಮತ್ತೆ ಅವು ಹಿಮ್ಮುಖವಾಗಿ ಹೆಜ್ಜೆಯಿಟ್ಟು ಬಾವಿಯ ಅಂಚಿಗೆ ಬರಬೇಕು. ಅದಕ್ಕೆ ದೊಡ್ಡಪ್ಪ "ಎನಕ್ಕಿ ರಾ ನಾಯನಾ" ಎಂದು ತೆಲುಗಿನಲ್ಲಿ, ಹಿಂದಕ್ಕೆ ಬಾರಪ್ಪ ಅಂತ, ರಾಗವಾಗಿ ಕರೆಯುತ್ತಿದ್ದರು. ಊರನ್ನೆಲ್ಲ ಅಣಕಿಸುವ ನಾನು ಆ ಕೂಗನ್ನು ಬಿಡುತ್ತೇನೆಯೇ?

ಆಮೇಲೆ ಅವರಿಗೆ ಬೇರೆ ಯಾರಿಗೂ ಕೇಳದ ದನಿಗಳು ಕೇಳತೊಡಗಿದವು. ಹೊಲಕ್ಕೆ ಹೋಗುವುದು ನಿಂತಿತು. ಎರಡು ವರ್ಷಕ್ಕೆ, ತಾವು ಕಪಿಲೆ ಹೊಡೆದದ್ದೇ ಇಲ್ಲ ಎಂದರು. ಸೋಮವಾರ ಮಾಲೂರಿನಲ್ಲಿ ರೈಲು ಹತ್ತಿಸಿ ಹುಚ್ಚಾಸ್ಪತ್ರೆಗೆ ಬಿಟ್ಟುಬರುವುದೆಂದು ಅವರ ತಮ್ಮ ತೀರ್ಮಾನಿಸಿದ.

"ಒಂದ್ ಸಲ ಕಪಿಲೆ ಹೊಡೀಲಿ ನೋಡು. ಹೊಡೆದ್ರೆ ಇಲ್ಲೇ ಇರ್ಲಿ," ಎಂದರು ದೊಡ್ಡಮ್ಮ.

"ಹೊಡೀದಿದ್ರೆ ಅಡ್ಡ ಬರಬಾರದು, ಅತ್ತಿಗೆ."

ಎತ್ತು ಕಟ್ಟಿ ಇಳಿಜಾರಿನ ಕೆಳಗೆ ನಿಲ್ಲಿಸಿದರು. ಮೂಗುದಾರದ ಹಗ್ಗ ದೊಡ್ಡಪ್ಪನ ಕೈಯಲ್ಲಿ ಸತ್ತ ಹಾವಿನಂತೆ ಜೋತಿತ್ತು.

"ಅಣ್ಣಾ, ಮೊದಲು ಏನ್ ಮಾಡ್ತಿದ್ದೆ? ನೆನಪು ಮಾಡ್ಕೊ," ಎಂದ ತಮ್ಮ.

"ನಂಗೆ ಕಪಿಲೆ ಬರಲ್ಲ ಕಣೋ."

ಎಷ್ಟು ಕೇಳಿದರೂ ಅದೇ ಮಾತು. ತಮ್ಮ ರಟ್ಟೆ ಹಿಡಿದು ಮನೆಯತ್ತ ಎಳೆಯತೊಡಗಿದ. ದೊಡ್ಡಮ್ಮನ ಮುಖ ನೋಡಲಾಗದೆ, ಯೋಚಿಸುವ ಅಭ್ಯಾಸವೇ ಇಲ್ಲದ ನಾನು ದೊಡ್ಡಪ್ಪನದೇ ದನಿಯಲ್ಲಿ ಕೂಗಿಬಿಟ್ಟೆ.

ಎತ್ತುಗಳು ಹಿಂದಕ್ಕೆ ಹೊರಟವು. ನಿಲ್ಲಿಸುವುದು ಹೇಗೆಂದು ನಾನು ಕಲಿತಿರಲಿಲ್ಲ. ಬಾವಿಗೆ ಆರು ಹೆಜ್ಜೆ... ಮೂರು... ಗೊರಸಿಗೆ ಸಿಕ್ಕ ಕಲ್ಲೊಂದು ಉರುಳಿ ನೀರಿಗೆ ಬಿತ್ತು.

ಆಗ ದೊಡ್ಡಪ್ಪ ತಮ್ಮನಿಂದ ಬಿಡಿಸಿಕೊಂಡರು. ಹಗ್ಗ ಬಿಗಿಯಾಯಿತು, ಹಿಮ್ಮಡಿ ಮಣ್ಣಿಗೆ ನಾಟಿತು, ಎತ್ತುಗಳು ಅಂಚಿನಲ್ಲೇ ನಿಂತವು. ಕೆಳಗೆ ಚೀಲ ಗುಳುಗುಳು ತುಂಬುವುದನ್ನು ಅವರು ತಲೆ ವಾಲಿಸಿ ಕೇಳಿಸಿಕೊಂಡರು. ಆಮೇಲೆ ಎತ್ತುಗಳ ಹಿಂದೆ ಚೀಲದ ಹಗ್ಗದ ಮೇಲೆ ಹಾರಿ ಕೂತು ಅವನ್ನು ಇಳಿಜಾರಿಗೆ ಬಿಟ್ಟರು. ನೀರು ಕಾಲುವೆಗೆ ಸುರಿಯಿತು.

"ಬರಲ್ಲ ಅಂದ್ಯಲ್ಲ?" ಎಂದ ತಮ್ಮ.

"ಬರಲ್ಲ ಕಣೋ," ಎಂದರು, ಎತ್ತಿನ ಬೆನ್ನು ಸವರುತ್ತ. ನಂತರ ನನ್ನತ್ತ ಬೆರಳು ತೋರಿಸಿ, "ಇವನ ಬಾಯಲ್ಲಿ ನನ್ ದನಿ ಐತೆ," ಎಂದರು.

ಯಾರೂ ನಗಲಿಲ್ಲ.

ರೈಲಿನ ಮಾತು ನಿಂತಿತು. ನಾಲ್ಕು ವರ್ಷ ಅವರು ಕಪಿಲೆ ಹೊಡೆದರು, ಒಂದೂ ಕೂಗಿಲ್ಲದೆ. ನನ್ನನ್ನು ಕಂಡರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಹೋದ ವರ್ಷ ತೀರಿಕೊಂಡರು.

ನಿನ್ನೆ ದೊಡ್ಡಮ್ಮ ಜಗಲಿಯಿಂದ ಕರೆದರು. "ಲೇ, ಅವರಂಗೆ ಒಂದ್ ಸಲ ಕೂಗೋ."

ಕೂಗಿದೆ. ಅವರು ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿದರು. "ಅಲ್ಲ ಕಣಪ್ಪ, ಹಿಂಗಲ್ಲ."

ಇನ್ನೊಮ್ಮೆ ಕೂಗಿದೆ. ಅದೂ ದೊಡ್ಡಪ್ಪನ ದನಿಯಲ್ಲ.