ಮಟ್ಟಿಯ ಮೇಲಿನ ಇಂಗ್ಲಿಷ್

ಈರೇಶ ಆ ಗಿರಾಕಿಯ ಪಕ್ಕೆಲುಬು ಮುರಿದಾಗ ಅವನ ಮನಸ್ಸಿನಲ್ಲಿ ಒಂದು ಚೂರೂ ಸಿಟ್ಟಿರಲಿಲ್ಲ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಪೊಲೀಸರಂತೂ ನಗಲೂ ಇಲ್ಲ, ನೇರವಾಗಿ ಕೆನ್ನೆಗೆ ಬಿಟ್ಟರು.

ಎರಡು ಸಾವಿರದ ನಾಲ್ಕನೇ ಇಸವಿ. ಇಂದಿರಾನಗರದ ನೂರಡಿ ರಸ್ತೆಯ ಒಂದು ಪಬ್ಬಿನ ಬಾಗಿಲಲ್ಲಿ ಕಪ್ಪು ಅಂಗಿ ತೊಟ್ಟು ನಿಲ್ಲುವುದು ಅವನ ಕೆಲಸ. ಬಾಗಿಲಲ್ಲಿ ನಿಲ್ಲುವುದಕ್ಕೆ ಬೌನ್ಸರ್ ಅಂತ ದೊಡ್ಡ ಹೆಸರು ಬೇರೆ. ಅವತ್ತು ಹವಾಯಿ ಚಪ್ಪಲಿ ಹಾಕಿಕೊಂಡು ಬಂದವನೊಬ್ಬನನ್ನು ತಡೆದ. ಅವನು ಬಾಯಿಗೆ ಬಂದಂತೆ ಬೈದ, ಅಂಗಿ ಹಿಡಿದು ಎಳೆದ. ಈರೇಶ ಕಂಬದಂತೆ ನಿಂತಿದ್ದ. ಕೊನೆಗೆ ಗಿರಾಕಿಗೇ ನಾಚಿಕೆಯಾಯಿತೋ ಏನೋ, ನಕ್ಕು ಬಲಗೈ ಚಾಚಿದ. ಆಯ್ತು ಬಿಡಪ್ಪ, ರಾಜಿಯಾಗೋಣ ಅನ್ನುವ ಹಾಗೆ.

ಕೈ ಚಾಚಿದವನಿಗೆ ಏನು ಗೊತ್ತು ಪಾಪ. ಈರೇಶ ಹುಡುಗನಾಗಿದ್ದಾಗಿನಿಂದ ಶಿವಾಜಿನಗರದ ಇನಾಯತ್ ಉಲ್ಲಾ ಉಸ್ತಾದರ ಗರಡಿಯಲ್ಲಿ ಬೆಳೆದವನು. ಗರಡಿಯ ಕೆಂಪು ಮಣ್ಣಿಗೆ ಮಟ್ಟಿ ಅನ್ನುತ್ತಾರೆ. ಆ ಮಟ್ಟಿಯ ಮೇಲೆ ಇಬ್ಬರು ಕೈ ಮಿಲಾಯಿಸಿದರೆ ಕುಸ್ತಿ ಶುರುವಾಯಿತು ಅಂತ ಅರ್ಥ. ಕೈ ಚಾಚದವನನ್ನು ಯಾರೂ ಮುಟ್ಟುವಂತಿಲ್ಲ, ಕೈ ಚಾಚಿದವನನ್ನು ಬಿಡುವಂತಿಲ್ಲ. ಗರಡಿಯ ಹೊರಗೆ, ಗಾರೆ ಕೆಲಸದವನ ಮಗನಾದ ಅವನಿಗೆ ಯಾರು ಕೈ ಚಾಚಿದ್ದರು? ಅಂಗೈಗೆ ಅಂಗೈ ತಗಲಿದ್ದೇ ತಡ, ಈರೇಶನ ಸೊಂಟ ತಾನೇ ತಿರುಗಿತು, ಗಿರಾಕಿ ಹೆಗಲ ಮೇಲಿಂದ ಹಾರಿ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದ. ಒಣ ಕಟ್ಟಿಗೆ ಮುರಿದಂಥ ಸದ್ದು ಒಳಗಿನ ಮೇಜುಗಳವರೆಗೂ ಕೇಳಿಸಿತು.

ಪಬ್ಬಿನ ಮಾಲೀಕ ಹೇಗೋ ರಾಜಿ ಮಾಡಿಸಿದ. ಠಾಣೆಯಿಂದ ಬಿಡುವ ಮುಂಚೆ ಇನ್ಸ್‌ಪೆಕ್ಟರು ಈರೇಶನ ಗದ್ದ ಹಿಡಿದೆತ್ತಿ, "ಇನ್ನೊಂದು ಕಂಪ್ಲೇಂಟ್ ಬರ್ಲಿ, ರೌಡಿ ಶೀಟ್ ಓಪನ್ ಮಾಡ್ತೀನಿ. ನಿಮ್ಮಣ್ಣ ಹೋದ ದಾರೀಲೇ ನೀನೂ ಹೋಗ್ತೀಯ," ಅಂದರು.

ಅಣ್ಣ ಮಾನಪ್ಪ ಹೋದ ದಾರಿ ಈರೇಶನಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಕಮ್ಮನಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದವನು. ಅಲ್ಲಿ ನೀರಿನ ಟ್ಯಾಂಕರ್ ಮುಂದೆ ನಡೆದ ಒಂದು ಜಗಳದಲ್ಲಿ ಮಾನಪ್ಪ ಯಾರದೋ ತಲೆಗೆ ಬಿಂದಿಗೆ ಎತ್ತಿಹಾಕಿದ. ಅಷ್ಟಕ್ಕೇ ಶೀಟು ಬಿತ್ತು. ಆಮೇಲೆ ಗಣೇಶನ ಹಬ್ಬ ಬಂದರೆ ಠಾಣೆ, ಚುನಾವಣೆ ಬಂದರೆ ಠಾಣೆ, ಊರಲ್ಲಿ ಎಲ್ಲೋ ಕಲ್ಲು ಬಿದ್ದರೆ ಠಾಣೆ. ಕೂರಿಸಿ ಅಂಗಾಲಿಗೆ ಲಾಠಿಯಲ್ಲಿ ಹೊಡೆಯುತ್ತಿದ್ದರು, ಮನೆಗೆ ಗೋಡೆ ಹಿಡಿದುಕೊಂಡು ಬರುತ್ತಿದ್ದ. ಕೆಲಸ ಕೊಡುವವರಿಲ್ಲ, ಮನೆ ಕೊಡುವವರಿಲ್ಲ. ಬೇರೆ ಯಾರೂ ಹತ್ತಿರ ಸೇರಿಸದೆ ಹೋದಾಗ ನಿಜವಾದ ರೌಡಿಗಳು ಸೇರಿಸಿಕೊಂಡರು. ತೊಂಬತ್ತೆಂಟರಲ್ಲಿ ಕೆ.ಆರ್. ಪುರದ ಸಂತೆಯ ಹತ್ತಿರ ಎದುರು ಗುಂಪಿನವರು ಅವನನ್ನು ಲಾಂಗು ಮಚ್ಚಿನಲ್ಲಿ ಕೊಚ್ಚಿ ಹಾಕಿದರು. ಹೆಣ ಗುರುತಿಸಲು ಹೋದ ಈರೇಶನಿಗೆ ಮುಖದಿಂದ ಗುರುತು ಸಿಗಲಿಲ್ಲ. ಅಂಗಾಲು ನೋಡಿ, ಹೌದು, ನಮ್ಮಣ್ಣನೇ ಅಂದ.

ಅವತ್ತಿನಿಂದ ಅವ್ವ ಹುಸೇನಮ್ಮ ಮಗನಲ್ಲಿ ಕೇಳಿಕೊಂಡದ್ದು ಒಂದೇ. ಠಾಣೆಯಿಂದ ಬಂದ ದಿನವೂ ಅನ್ನ ಬಡಿಸುತ್ತಾ ಅದನ್ನೇ ಹೇಳಿದಳು: "ನೀ ಹಸ್ಕೊಂಡಿರು, ಭಿಕ್ಷಾ ಬೇಡು, ನಾ ಏನೂ ಅನ್ನಂಗಿಲ್ಲ. ನಿನ್ನ ಹೆಸರು ಆ ಶೀಟಿನ್ಯಾಗ ಬರಬಾರದು, ನೋಡಪ್ಪ."

ಪಬ್ಬಿನ ಮ್ಯಾನೇಜರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಅಂಥ ಆಳು ಮತ್ತೆ ಸಿಗುವುದು ಕಷ್ಟ ಅಂತ ಅವನಿಗೂ ಗೊತ್ತು. ಆದರೆ ಷರತ್ತು ಹಾಕಿದ. "ಕೈ ಎತ್ತಂಗಿಲ್ಲ ಈರೇಶ. ಮೊದ್ಲು ಬಾಯಲ್ಲಿ ಹೇಳು. ಇಂಗ್ಲಿಷಲ್ಲಿ ಹೇಳು. ನೀನು ಕನ್ನಡದಲ್ಲಿ ಒಂದು ಮಾತಾಡಿದ್ರೆ ಅವರಿಗೆ ಬೈದಂಗೆ ಕೇಳುತ್ತೆ." ಹಲಸೂರು ಕೆರೆಯ ಆಸುಪಾಸಿನಲ್ಲೇ ಕೂತು ಕುಡಿಯುವವರಿಗೆ ಕನ್ನಡ ಬೈದಂತೆ ಕೇಳುತ್ತದಂತೆ. ಕೇಳಿದರೆ ಮೈ ಉರಿಯುತ್ತದೆ. ಈರೇಶ ಉರಿಯನ್ನು ನುಂಗಿಕೊಂಡು ತಲೆಯಾಡಿಸಿದ.

ಹೀಗೆ ಅವನು ಇಂಗ್ಲಿಷ್ ಕಲಿಯಲು ಹೋದದ್ದು ಕುಸ್ತಿ ಕಲಿತ ಜಾಗಕ್ಕೇ. ಉಸ್ತಾದರ ಮಗಳು ಸುಮೈರಾ ಕಾಲ್ ಸೆಂಟರಿನಲ್ಲಿದ್ದಳು. ಬೆಳಗ್ಗೆ ಕ್ಯಾಬು ಅವಳನ್ನು ಗರಡಿಯ ಪಕ್ಕದಲ್ಲೇ ಇದ್ದ ಮನೆ ಮುಂದೆ ಇಳಿಸುವ ಹೊತ್ತಿಗೆ ಗರಡಿಯಲ್ಲಿ ಸಾಮು ಮುಗಿಯುತ್ತಾ ಬಂದಿರುತ್ತಿತ್ತು. ಹೆಂಗಸರು ಮಟ್ಟಿ ತುಳಿಯುವಂತಿಲ್ಲವಾದ್ದರಿಂದ ಅವಳು ಹೊಸ್ತಿಲಾಚೆ ಒಂದು ಬೆತ್ತದ ಸ್ಟೂಲು ಹಾಕಿಕೊಂಡು ಕೂತು, ಕೆಂಪಾದ ಕಣ್ಣು ಉಜ್ಜಿಕೊಳ್ಳುತ್ತಾ ಪಾಠ ಹೇಳುತ್ತಿದ್ದಳು.

"ನೋಡಿ ಈರೇಶಣ್ಣ, ದೊಡ್ಡ ದೊಡ್ಡ ಇಂಗ್ಲಿಷ್ ನಿಮಗೆ ಬೇಡ. ಅವ್ರು ದಿನಾ ಮಾತಾಡೋದು ಚಿಕ್ಕ ಪದಗಳಲ್ಲೇ. ಎರಡು ಪದ ಜೋಡಿಸ್ತಾರೆ, ಅರ್ಥ ಬೇರೆ ಆಗುತ್ತೆ. ಗೆಟ್ ಅಂದ್ರೆ ಸಿಗೋದು. ಗೆಟ್ ಔಟ್ ಅಂದ್ರೆ ಆಚೆ ಹೋಗು. ಗೆಟ್ ಅಪ್ ಅಂದ್ರೆ ಎದ್ದೇಳು. ಗೆಟ್ ಆಫ್ ಅಂದ್ರೆ ಕೆಳಗಿಳಿ. ಗೆಟ್ ಅಲಾಂಗ್ ಅಂದ್ರೆ ಹೊಂದ್ಕೊಂಡು ಹೋಗೋದು."

"ಒಂದೇ ಪದಕ್ಕೆ ಇಷ್ಟೊಂದು ಬಾಲನಾ?" ಅಂದ ಈರೇಶ.

ಮೂಲೆಯಲ್ಲಿ ಬೆತ್ತ ಹಿಡಿದು ಕೂತಿದ್ದ ಇನಾಯತ್ ಉಲ್ಲಾ ಉಸ್ತಾದರಿಗೆ ಇಂಗ್ಲಿಷ್ ಒಂದಕ್ಷರ ಬಾರದು, ಆದರೆ ಇದು ಅವರಿಗೆ ತಕ್ಷಣ ಹೊಳೆಯಿತು. "ಅರೇ, ಕುತ್ತಿಗೆ ಹಿಡಿಯೋದು ಒಂದೇ ಅಲ್ವೇನೋ? ಕಾಲು ಒಳಗೆ ಹಾಕಿದ್ರೆ ಒಂದು ಪಟ್ಟು, ಹೊರಗೆ ಹಾಕಿದ್ರೆ ಇನ್ನೊಂದು ಪಟ್ಟು. ಹಂಗೇ ಕಲಿ ಬೇಟಾ."

ಹಾಗೇ ಕಲಿತ. ಥ್ರೋ ಔಟ್ ಅಂದರೆ ಆಚೆಗೆ ಹಾಕುವುದು, ಥ್ರೋ ಅಪ್ ಅಂದರೆ ವಾಂತಿ ಮಾಡುವುದು. ಪಬ್ಬಿನಲ್ಲಿ ಎರಡೂ ದಿನಾ ಬೇಕಾಗುತ್ತವೆ. ಪಾಸ್ ಔಟ್ ಅಂದರೆ ಎಚ್ಚರ ತಪ್ಪಿ ಬೀಳುವುದು. ಬ್ಯಾಕ್ ಆಫ್ ಅಂದರೆ ಹಿಂದೆ ಸರಿ. ಹೋಲ್ಡ್ ಆನ್ ಅಂದರೆ ಸ್ವಲ್ಪ ತಡಿ. ಪುಟ್ ಡೌನ್ ಅಂದರೆ ಕೈಲಿರುವುದನ್ನು ಕೆಳಗಿಡು. ಬ್ರೇಕ್ ಅಪ್ ಅಂದರೆ ಹೊಡೆದಾಡುವವರನ್ನು ಬಿಡಿಸುವುದು. ಪ್ರೀತಿ ಮಾಡುವವರು ಬಿಟ್ಟುಹೋಗುವುದಕ್ಕೂ ಅದನ್ನೇ ಅನ್ನುತ್ತಾರೆ ಅಂತ ಸುಮೈರಾ ಹೇಳಿದಾಗ ಗರಡಿಯ ಹುಡುಗರೆಲ್ಲ ಕಿಸಕ್ಕನೆ ನಕ್ಕು ಬೆತ್ತದ ಏಟು ತಿಂದರು.

ಹೋಲ್ಡ್ ಬ್ಯಾಕ್ ಬಂದಾಗ ಪಾಠ ನಿಂತುಹೋಯಿತು. ತನ್ನನ್ನು ತಾನು ತಡೆದುಕೊಳ್ಳುವುದು ಅಂತ ಸುಮೈರಾ ಅರ್ಥ ಹೇಳಿದಳು. ಉಸ್ತಾದರು ಎದ್ದು ನಿಂತರು. ಅದನ್ನು ಬಾಯಲ್ಲಿ ಕಲಿತರೆ ಆಗದು, ಮೈಯಲ್ಲಿ ಕಲಿಯಬೇಕು ಅಂದರು. ಕುಡುಕ ಗಿರಾಕಿಯಾಗಲು ಅಫ್ಜಲನನ್ನು ಕರೆದರು.

ಅಫ್ಜಲ್ ಈರೇಶನ ಜೊತೆಯಲ್ಲೇ ಮಟ್ಟಿಗೆ ಇಳಿದವನು. ಒಬ್ಬರ ಕಿವಿ ಒಬ್ಬರು ಹಿಂಡಿ ಹೂಕೋಸಿನಂತೆ ಮಾಡಿಕೊಂಡಿದ್ದರು. ಅಫ್ಜಲ್ ಅದೇ ಪಬ್ಬಿನ ಅಡುಗೆ ಮನೆಯಲ್ಲಿ ಕಬಾಬ್ ಒಲೆ ನೋಡಿಕೊಳ್ಳುತ್ತಿದ್ದ, ಈರೇಶನಿಗೆ ಕೆಲಸ ಕೊಡಿಸಿದವನೂ ಅವನೇ. ಉಸ್ತಾದರ ಅಪ್ಪಣೆಯಂತೆ ಅವನು ಈರೇಶನ ಕೆನ್ನೆಗೆ ಹೊಡೆಯಬೇಕು. ಈರೇಶ ಕೈ ಕೆಳಗಿಟ್ಟುಕೊಂಡು, ಶಾಂತವಾಗಿರಿ ಅನ್ನುವುದಕ್ಕೆ, ಸರ್, ಕಾಮ್ ಡೌನ್ ಅನ್ನಬೇಕು. ಕೈ ಮೇಲೆದ್ದರೆ ಉಸ್ತಾದರ ಬೆತ್ತ ಮಣಿಕಟ್ಟಿನ ಮೇಲೆ. ಅಫ್ಜಲ್ ಮೊದಮೊದಲು ನಗುತ್ತಾ ಹೊಡೆದ. ಜೋರಾಗಿ ಹೊಡಿ ಅಂತ ಅವನಿಗೂ ಬೆತ್ತ ಬಿದ್ದಾಗ ಜೋರಾಗಿ ಹೊಡೆದ. ಈರೇಶನ ತುಟಿ ಸೀಳಿತು, ಮಣಿಕಟ್ಟು ಊದಿ ನೀಲಿಗಟ್ಟಿತು.

"ಅಬ್ಬಾ, ಇಂಗ್ಲಿಷ್ ಯಾರೂ ಹೀಗೆ ಕಲಿಯಲ್ಲ," ಅಂತ ಸುಮೈರಾ ಹೊಸ್ತಿಲಾಚೆಯಿಂದ ಅಂದಳು. ಅಪ್ಪ ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಎಂಥ ಏಟು ಬಿದ್ದರೂ ಈರೇಶನ ಕೈ ತೊಡೆಯ ಪಕ್ಕದಿಂದ ಅಲುಗುತ್ತಿರಲಿಲ್ಲ. ಬಾಯಿ ಮಾತ್ರ ಹೇಳುತ್ತಿತ್ತು, ಸರ್, ಕಾಮ್ ಡೌನ್.

ಅದು ಕೆಲಸಕ್ಕೆ ಬಂತು ಅನ್ನುವುದನ್ನೂ ಹೇಳಲೇಬೇಕು. ಒಂದು ಸಂಜೆ ಇಬ್ಬರು ದಾಂಡಿಗರು ಒಬ್ಬರ ಮೂಗು ಒಬ್ಬರು ಜಜ್ಜಿಕೊಂಡು, ಮೇಜಿನ ಮೇಲೆಲ್ಲ ರಕ್ತ ಚೆಲ್ಲಿತ್ತು. ಈರೇಶ ನಡುವೆ ನಿಂತು, "ಬ್ರೇಕ್ ಇಟ್ ಅಪ್. ಬ್ಯಾಕ್ ಆಫ್, ಪ್ಲೀಸ್," ಅಂದ. ಅವನ ಎದೆಗೆ ಎರಡು ಗುದ್ದು ಬಿದ್ದವು. ಮತ್ತೆ ಅದನ್ನೇ ಅಂದ. ಅವರಿಬ್ಬರೂ ಹಿಂದೆ ಸರಿದರು. ಆ ಗಾತ್ರದ ಆಳಿನ ಬಾಯಿಂದ ಇಂಗ್ಲಿಷ್ ಬಂದದ್ದು ನೋಡಿ ಒಬ್ಬ ಸಾರಿ ಕೂಡ ಕೇಳಿದ. ಅವತ್ತು ಮನೆಗೆ ಹೋದವನೇ ಅವ್ವನ ಮುಂದೆ ಎರಡೂ ಕೈ ಚಾಚಿ, ಗೆಣ್ಣಿನ ಮೇಲೆ ಒಂದು ಗೀರೂ ಇಲ್ಲ ನೋಡು ಅಂತ ತೋರಿಸಿದ. ಅವ್ವನಿಗೆ ಅಷ್ಟು ಸಂತೋಷವಾದದ್ದನ್ನು ಅವನು ಬಹಳ ವರ್ಷಗಳಿಂದ ನೋಡಿರಲಿಲ್ಲ.

ಆಮೇಲೆ ಆ ಭಾನುವಾರ ಬಂತು. ಮಧ್ಯಾಹ್ನ ದೊಡ್ಡ ಟಿವಿಯಲ್ಲಿ ಕ್ರಿಕೆಟ್, ಒಳಗೆ ಕಾಲಿಡಲು ಜಾಗವಿಲ್ಲ. ಬೆರಳ ತುಂಬ ಉಂಗುರ ಹಾಕಿಕೊಂಡಿದ್ದ ಒಬ್ಬ ಗಿರಾಕಿ, ಕಬಾಬ್ ಬೆಂದಿಲ್ಲ, ಮಾಡಿದವನನ್ನು ಕರೆಯಿರಿ ಅಂತ ಕೂಗಾಡಿದ. ಅಫ್ಜಲ್ ಒಲೆಯ ಮುಂದಿನ ಬೆವರು ಒರೆಸಿಕೊಳ್ಳುತ್ತಾ ಬಂದು, "ಬೇರೆ ಮಾಡ್ಕೊಡ್ತೀನಿ ಸರ್," ಅಂದ. ಉಂಗುರದವನು ತಟ್ಟೆ ಎತ್ತಿ ಅವನ ಮುಖಕ್ಕೆ ಹೊಡೆದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅಫ್ಜಲ್ ಅವನ ಎದೆ ಹಿಡಿದು ಹಿಂದಕ್ಕೆ ತಳ್ಳಿದ. ಉಂಗುರದವನು ಬಿಯರಿನ ಗಾಜಿನ ಮಗ್ಗನ್ನು ಮೇಜಿನ ಅಂಚಿಗೆ ಬಡಿದು ಒಡೆದು, ಹಿಡಿಕೆ ಹಿಡಿದುಕೊಂಡು ನಿಂತ.

ಈರೇಶ ಅಷ್ಟರಲ್ಲಿ ಅವರ ಪಕ್ಕದಲ್ಲಿದ್ದ. ಕೈ ಚಾಚಿದರೆ ಉಂಗುರದವನ ಮಣಿಕಟ್ಟು ಸಿಗುವಷ್ಟು ಹತ್ತಿರ.

"ಸರ್, ಕಾಮ್ ಡೌನ್," ಅಂದ.

ಉಂಗುರದವನು ತಿರುಗಿ ನೋಡಿದ.

"ಪುಟ್ ಇಟ್ ಡೌನ್, ಸರ್. ಬ್ಯಾಕ್ ಆಫ್. ವಿ ವಿಲ್ ಸಾರ್ಟ್ ಇಟ್ ಔಟ್." ಕುಳಿತು ಬಗೆಹರಿಸೋಣ ಅನ್ನುವ ಆ ಕೊನೆಯ ಮಾತನ್ನು ಅವನು ಹಿಂದಿನ ವಾರವಷ್ಟೇ ಕಲಿತಿದ್ದ, ಒಂದು ತಪ್ಪೂ ಇಲ್ಲದೆ ಹೇಳಿದ. ಉಂಗುರದವನು ಗಹಗಹಿಸಿ ನಕ್ಕ. ಬಾಗಿಲು ಕಾಯುವವನು ತನಗೆ ಬುದ್ಧಿ ಹೇಳುವುದೇ ಅಂತ ಪಕ್ಕದವರಿಗೆ ಹೇಳಿ, ಅಫ್ಜಲನ ಕಡೆಗೆ ಹೆಜ್ಜೆ ಇಟ್ಟ. ಈರೇಶನಿಗೆ ಆಗ ಕಂಡದ್ದು ಒಡೆದ ಗಾಜಲ್ಲ, ಅಣ್ಣನ ಅಂಗಾಲು. ಕೈಗಳು ತೊಡೆಯ ಪಕ್ಕದಲ್ಲೇ ಇದ್ದವು. ಬಾಯಿ ಇನ್ನೊಂದು ಸಲ ಹೇಳಿತು, "ಕಾಮ್ ಡೌನ್."

ಅಫ್ಜಲ್ ಮುಖ ಕಾಪಾಡಿಕೊಳ್ಳಲು ಬಲಗೈ ಅಡ್ಡ ಹಿಡಿದ. ಗಾಜು ಅಂಗೈಯಲ್ಲಿ ಹೊಕ್ಕು ಮಣಿಕಟ್ಟಿನವರೆಗೂ ಸೀಳಿಕೊಂಡು ಹೋಯಿತು.

ಅವನ ಕೂಗು ಕೇಳಿದ ಮೇಲೆ ಈರೇಶನಿಗೆ ಮ್ಯಾನೇಜರೂ ನೆನಪಿರಲಿಲ್ಲ, ಉಸ್ತಾದರ ಬೆತ್ತವೂ ನೆನಪಿರಲಿಲ್ಲ. ಉಂಗುರದವನ ಕತ್ತು ಹಿಡಿದು ಮುಖವನ್ನು ಮೇಜಿಗೆ ಬಡಿದ. ಮಗ್ಗು ಹಿಡಿದಿದ್ದ ಕೈಯನ್ನು ಹಿಂದಕ್ಕೆ ತಿರುಚಿ ಮೊಣಕೈ ಕಳಚಿದ. ಬಿದ್ದವನನ್ನು ಎತ್ತಿ ಮತ್ತೆ ಬೀಳಿಸಿದ. ಹಲ್ಲು ಚೆಲ್ಲಾಡಿದವು. ಗರಡಿಯಲ್ಲಿ ಬೆನ್ನು ನೆಲಕ್ಕೆ ತಾಗಿದವನನ್ನು ಬಿಟ್ಟುಬಿಡಬೇಕು, ಅದೂ ಅವನಿಗೆ ಮರೆತಿತ್ತು. ಎಷ್ಟು ಜನ ಹಿಡಿದೆಳೆದರೂ ಬಿಡಲಿಲ್ಲ. ಬಾಯಲ್ಲಿ ಅವ್ವನ ರಾಯಚೂರಿನ ಬೈಗುಳ ಬಿಟ್ಟು ಬೇರೆ ಭಾಷೆ ಇರಲಿಲ್ಲ.

ಇನ್ಸ್‌ಪೆಕ್ಟರು ಆಡಿದ ಮಾತು ಉಳಿಸಿಕೊಂಡರು. ಠಾಣೆಯಲ್ಲಿ ಇಬ್ಬರು ಅವನ ಕಾಲು ಹಿಡಿದುಕೊಂಡರು, ಮೂರನೆಯವನು ಅಂಗಾಲಿಗೆ ಹೊಡೆದ. ಅಣ್ಣ ಯಾಕೆ ಗೋಡೆ ಹಿಡಿದು ನಡೆಯುತ್ತಿದ್ದ ಅಂತ ಅವನಿಗೆ ಅವತ್ತು ಮೈಯಲ್ಲೇ ತಿಳಿಯಿತು. ಎದೆಯ ಮುಂದೆ ಹೆಸರು ಬರೆದ ಹಲಗೆ ಹಿಡಿಸಿ ಫೋಟೋ ತೆಗೆದರು, ಶೀಟು ಓಪನ್ ಆಯಿತು. ಪಬ್ಬಿನವರು ಆ ಕಡೆ ತಲೆ ಹಾಕಲಿಲ್ಲ. ಇನಾಯತ್ ಉಲ್ಲಾ ಉಸ್ತಾದರು ಜಾಮೀನಿಗೆ ನಿಂತು ಬಿಡಿಸಿಕೊಂಡು ಬಂದರು. ಮನೆಯಲ್ಲಿ ಅವ್ವ ಅಳುತ್ತಾಳೆ ಅಂದುಕೊಂಡಿದ್ದ. ಅವಳು ಕಾಲಿನ ಚಪ್ಪಲಿ ತೆಗೆದು, ಕೈ ಸೋಲುವವರೆಗೂ ಅವನಿಗೆ ಹೊಡೆದಳು. ಅವನು ತಲೆ ಬಗ್ಗಿಸಿ ತಿಂದ.

ಮಾರನೆಯ ದಿನ ಕುಂಟುತ್ತಾ ಬೌರಿಂಗ್ ಆಸ್ಪತ್ರೆಗೆ ಹೋದ. ಅಫ್ಜಲನ ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ನರ ತುಂಡಾಗಿದೆ, ಇನ್ನು ಮೇಲೆ ಬೆರಳು ಮಡಚಲು ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಕಬಾಬಿನ ಸರಳು ಹಿಡಿಯುವ ಕೈ ಅದು. ಉಂಗುರದವನಿಗೆ ಏನೇನು ಮುರಿಯಿತು ಅಂತ ಈರೇಶ ಹೇಳತೊಡಗಿದ. ಅಫ್ಜಲ್ ಕೇಳಿಸಿಕೊಂಡ, ಆದರೆ ಅವನಿಗೆ ಅದು ಬೇಕಾಗಿರಲಿಲ್ಲ.

"ಒಂದು ಮಾತು ಕೇಳ್ತೀನಿ ಮಗಾ," ಅಂದ. "ಅವನು ಮಗ್ಗು ಒಡೆದಾಗ್ಲೇ ನೀನು ಪಕ್ಕದಲ್ಲಿದ್ದೆ. ನೀನಿದ್ದೀಯಲ್ಲ ಅಂತಾನೇ ನಾನು ಓಡಿಲ್ಲ. ಯಾಕೆ ಅಷ್ಟೊತ್ತು ಮಾತಾಡ್ಕೊಂಡು ನಿಂತ್ಬಿಟ್ಟೆ?"

ಮ್ಯಾನೇಜರು ಹಾಗೆ ಹೇಳಿದ್ದ ಅನ್ನಬಹುದಿತ್ತು. ಉಸ್ತಾದರು ಹೊಡೆದು ಹೊಡೆದು ಕೈ ಕಟ್ಟಿಹಾಕಿದ್ದರು ಅನ್ನಬಹುದಿತ್ತು, ಹೊಡೆದವನು ನೀನೇ ಅಲ್ಲವೇನೋ ಅನ್ನಬಹುದಿತ್ತು. ಅವ್ವನ ಹೆಸರು ಎತ್ತಬಹುದಿತ್ತು. ಅವೆಲ್ಲ ಸುಳ್ಳೂ ಆಗಿರಲಿಲ್ಲ.

"ಭಯ ಆಯ್ತು ಕಣೋ," ಅಂದ ಈರೇಶ. "ನಿನಗೇನಾಗುತ್ತೋ ಅಂತಲ್ಲ. ನನಗೇನಾಗುತ್ತೋ ಅಂತ."

ಅಫ್ಜಲ್ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಹೊರಗಿನವರು ಇನ್ನು ಹೋಗಬೇಕು ಅಂತ ನರ್ಸ್ ಬಂದು ಹೇಳುವವರೆಗೂ ಈರೇಶ ಆ ಊದಿದ ಕಾಲಿನ ಮೇಲೆ ಮಂಚದ ಪಕ್ಕ ನಿಂತೇ ಇದ್ದ. ಕೂತ್ಕೋ ಅಂತ ಅಫ್ಜಲ್ ಹೇಳಲಿಲ್ಲ.