ನೀವು ಊದದ ವಿಸಿಲ್

ಆ ಸಂಜೆ ನೀವು ವಿಸಿಲ್ ಊದಿರಲಿಲ್ಲ, ಶಿವಣ್ಣ. ಕೇಳಿಸಿತು ಎಂದು ನಾನು ಹೇಳಿದ್ದು ಸುಳ್ಳು. ನಿಮ್ಮ ಕಾಲು ಹೋದದ್ದು ನಿಮ್ಮದೇ ತಪ್ಪಿನಿಂದ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೀರಿ — ಹಾಗೇ ನಂಬಿಕೊಂಡಿರಲಿ ಎಂದೇ ನಾನು ಸುಮ್ಮನಿದ್ದೆ.

ಸುಂಕದಕಟ್ಟೆಯ ನಮ್ಮ ವರ್ಕ್‌ಶಾಪಿಗೆ ಆ ಕ್ಯಾಮೆರಾದ ಕೆಲಸ ಬಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕತ್ತಲಲ್ಲಿ ಮನುಷ್ಯರ ಮೈಬಿಸಿಯನ್ನು ಹಿಡಿದು ಕಾರಿನೊಳಗಿನ ಪರದೆಯ ಮೇಲೆ ಬೆಳ್ಳಗೆ ತೋರಿಸುವ ಕ್ಯಾಮೆರಾ. ಪರೀಕ್ಷೆಗೆಂದು ಜೀವಂತ ಮನುಷ್ಯರನ್ನು ರಸ್ತೆಯಲ್ಲಿ ನಿಲ್ಲಿಸುವಂತಿಲ್ಲವಲ್ಲ — ಬಟ್ಟೆ ಅಂಗಡಿಯ ಹಳೆಯ ಗೊಂಬೆಯೊಂದನ್ನು ತಂದು, ಅದರ ಮೈಗೆಲ್ಲ ಬಿಸಿಯಾಗುವ ತಂತಿ ಸುತ್ತಿ, ಪ್ಯಾಂಟು ಶರ್ಟು ತೊಡಿಸಿ, ಕಾಲ ಬುಡದಲ್ಲಿ ಬ್ಯಾಟರಿ ಇಟ್ಟವರು ನೀವು. ಹೊತ್ತುಕೊಂಡು ಹೋಗಬೇಕು, ಬೆಚ್ಚಗಿಡಬೇಕು, ತಾನಾಗಿ ಒಂದು ಕೆಲಸವನ್ನೂ ಮಾಡುವುದಿಲ್ಲ ಎಂದು ಅದಕ್ಕೆ 'ಅಳಿಯ' ಎಂದು ಹೆಸರಿಟ್ಟವರೂ ನೀವೇ. ತಂತಿ ಕಾದ ಮೇಲೆ ಅದರ ಹಣೆ ಮುಟ್ಟಿ, "ಅಳಿಯಂಗೆ ಜ್ವರ ಬಂತು, ಗಾಡಿ ತೆಗಿಯಯ್ಯ ಮೋಹನ" ಅನ್ನುತ್ತಿದ್ದಿರಿ. ನಾನು ನಗುತ್ತಿದ್ದೆ.

ಹೇರೋಹಳ್ಳಿಯ ಆಚೆ, ಸೈಟುಗಳಾಗಿ ಇನ್ನೂ ಮನೆಗಳೇಳದ ಬಡಾವಣೆಯ ಖಾಲಿ ರಸ್ತೆ ನಮ್ಮ ಜಾಗ. ನಮಗಿದ್ದ ನಿಯಮ ಒಂದೇ. ನೀವು ಅಳಿಯನನ್ನು ನಿಲ್ಲಿಸಿ, ಚರಂಡಿ ದಾಟಿ ಹೋಗಿ ವಿಸಿಲ್ ಊದಬೇಕು. ಅದು ಕೇಳಿಸಿದ ಮೇಲಷ್ಟೇ ನಾನು ಹೊರಡಬೇಕು. ಹೆಡ್‌ಲೈಟ್ ಇಲ್ಲ, ಮುಂದಿನ ಗಾಜಿಗೆ ಕಪ್ಪು ಬಟ್ಟೆ, ನನಗೆ ಕಾಣುವುದು ಪರದೆ ಮಾತ್ರ.

ಡಿಸೆಂಬರ್ ಚಳಿ. ಒಂದು ಸಂಜೆ ನೀವು "ಅಳಿಯಂಗೆ ಚಳಿ ಆಗ್ತದೆ ಕಣಯ್ಯ" ಎನ್ನುತ್ತ, ಕಾರಿನಲ್ಲಿದ್ದ ನನ್ನ ದಪ್ಪ ರಗ್ಗನ್ನು ತಮಾಷೆಗೆ ಅದರ ತಲೆಯ ಮೇಲಿಂದ ಹೊದಿಸಿದಿರಿ. ಪರದೆ ನೋಡಿದೆ — ಅಳಿಯನಿಲ್ಲ. ಬಿಸಿಯೆಲ್ಲ ರಗ್ಗಿನೊಳಗೇ ಉಳಿದಿತ್ತು. ಚಳಿಗಾಲದಲ್ಲಿ ನಮ್ಮ ಊರಿನ ಅರ್ಧ ಜನ ಹೀಗೆ ಹೊದ್ದುಕೊಂಡೇ ಓಡಾಡುತ್ತಾರೆ. ಅವರ್ಯಾರೂ ಈ ಕ್ಯಾಮೆರಾಗೆ ಕಾಣುವುದಿಲ್ಲ. ಆ ಕ್ಷಣವೇ ನಿಮಗೆ ಹೇಳಬೇಕಿತ್ತು. ಓನರಿಗೂ ಹೇಳಬೇಕಿತ್ತು. ಆದರೆ ಕ್ಯಾಮೆರಾ ಕೊಳ್ಳುವವರು ನೋಡಲು ಬರುವವರಿದ್ದರು, ಇದು ನನ್ನ ಮೊದಲ ದೊಡ್ಡ ಕೆಲಸ... ಇಳಿದು ಬಂದು ರಗ್ಗು ತೆಗೆದೆ. ತೆಗೆದು ನಿಮ್ಮ ಹೆಗಲಿಗೆ ಹಾಕಿದೆ. "ಅಳಿಯಂಗೆ ಬೇಡ, ನೀವು ಹೊದ್ಕೊಳ್ಳಿ ಶಿವಣ್ಣ, ನೀವೇ ಇಟ್ಕೊಳ್ಳಿ" ಎಂದೆ. ನಿಮಗೆ ಎಷ್ಟು ಸಂತೋಷವಾಯಿತು! ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮಾರನೆಯ ಸಂಜೆ ಬ್ಯಾಟರಿಯ ತಂತಿ ಕಳಚಿಕೊಂಡಿತು. ಸರಿಮಾಡಲು ನೀವು ಹೋದಿರಿ, ತಲೆಯ ಮೇಲಿಂದ ರಗ್ಗು ಹೊದ್ದು. ಪರದೆಯಲ್ಲಿ ನಿಮ್ಮ ಮುಖ ಒಂದಿಷ್ಟು ಹೊತ್ತು ಬೆಳ್ಳಗೆ ಕಂಡಿತು, ಆಮೇಲೆ ಇಲ್ಲ. ಅಳಿಯ ಮೆಲ್ಲಗೆ ಬೆಳಗತೊಡಗಿದ. ನೀವು ಚರಂಡಿ ದಾಟಿರಬೇಕು ಅಂದುಕೊಂಡೆ — ಅಲ್ಲ, ಹಾಗೆ ಅಂದುಕೊಳ್ಳುವುದು ನನಗೆ ಬೇಕಿತ್ತು. ಬೇಗ ಮುಗಿಸಿ ಮನೆಗೆ ಹೋಗುವ ಆತುರ. ರಗ್ಗು ಹೊದ್ದವರು ಕಾಣುವುದಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ, ವಿಸಿಲ್‌ಗೆ ಕಾಯದೆ ಹೊರಟವನೂ ನಾನೇ. ಎಂದಿನಂತೆ ಅಳಿಯನಿಗೆ ತಾಕದ ಹಾಗೆ ಬ್ರೇಕ್ ಒತ್ತಿದೆ. ಅಳಿಯನ ಮುಂದೆ, ನನ್ನ ಕಡೆ ಬೆನ್ನು ಮಾಡಿ, ನೀವು ಕುಕ್ಕರುಗಾಲಲ್ಲಿ ಕೂತಿದ್ದಿರಿ.

ಆಸ್ಪತ್ರೆಯ ವರಾಂಡದಲ್ಲಿ ಓನರ್ ಕೇಳಿದ್ದು ಒಂದೇ ಪ್ರಶ್ನೆ. "ವಿಸಿಲ್ ಊದಿದ್ರಾ ಅವ್ರು?"

"ಊದಿದ್ರು ಸಾರ್. ನಂಗೆ ಕೇಳಿಸ್ತು."

ಅಷ್ಟೇ. ಆ ಮಾತಿನಿಂದ ನನ್ನ ಕೆಲಸ ಉಳಿಯಿತು, ನಿಮ್ಮದು ಹೋಯಿತು. ಎಚ್ಚರವಾದ ಮೇಲೆ ನೀವು ನನ್ನ ಕೈ ಹಿಡಿದು, "ರಸ್ತೇಲಿ ಕೂತ್ಕೊಂಡೇ ಊದ್ಬಿಟ್ನೇನೋ ಕಣಯ್ಯ, ಅಭ್ಯಾಸಬಲ. ನೀನು ಮನಸ್ಸಿಗೆ ಹಚ್ಕೋಬೇಡ" ಎಂದಿರಿ. ನನ್ನನ್ನು ನೀವೇ ಸಮಾಧಾನ ಮಾಡಿದಿರಿ, ಶಿವಣ್ಣ. ನಾನು ಮಾಡಿಸಿಕೊಂಡೆ.

ಆಮೇಲೆ ನಿಮ್ಮ ಹೆಂಡತಿ ಜಯಕ್ಕ ಚಂದ್ರಾ ಲೇಔಟ್‌ನ ಮನೆಗಳಿಗೆ ಅಡುಗೆಗೆ ಹೋಗತೊಡಗಿದರು. ನಾನು ಆಗಾಗ ಹಣ್ಣು ಹಿಡಿದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಒಳ್ಳೆಯ ಹುಡುಗ, ಮರೆತಿಲ್ಲ ಎಂದು ಬೀದಿಯವರೆಲ್ಲ ಹೊಗಳುತ್ತಾರೆ. ಹೋದ ಸಲ ಬಂದಾಗ ಜಯಕ್ಕ ಕೆಲಸದಿಂದ ಬಂದು ಸೊಂಟ ಹಿಡಿದುಕೊಂಡು ಕೂತರು. "ಒಂದು ಪೀಪಿ ಸರಿಯಾಗಿ ಊದೋಕೆ ಬಂದಿದ್ರೆ ನಿಮಗೆ, ನಾನ್ಯಾಕೆ ಹಿಂಗೆ ಸಾಯ್ತಿದ್ದೆ" ಎಂದರು. ನೀವು ನಕ್ಕಿರಿ. ನಕ್ಕು, ಇಲ್ಲದ ಕಾಲಿನ ಜಾಗದ ಮೇಲೆ ನನ್ನ ಆ ರಗ್ಗನ್ನು ಎಳೆದುಕೊಂಡಿರಿ. ಆ ನಗುವಿನಲ್ಲಿದ್ದ ನಾಚಿಕೆ ನನ್ನದು, ಶಿವಣ್ಣ. ಅದನ್ನು ನೀವು ಹೊರುತ್ತಿದ್ದೀರಿ.

ಈ ಭಾನುವಾರ ಬರುತ್ತೇನೆ, ಜಯಕ್ಕ ಮನೆಯಲ್ಲಿರುವ ಹೊತ್ತಿಗೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳುವ ಮುಖವಿಲ್ಲ. ನಿಮ್ಮನ್ನು ಆಟೋಗೆ ಎತ್ತಿ ಹಾಕುವಾಗ ರಗ್ಗು ಸರಿದು ನಾನು ಕಂಡದ್ದನ್ನು ಅವರೆದುರು ಹೇಳುತ್ತೇನೆ. ವಿಸಿಲ್ ನಿಮ್ಮ ಶರ್ಟಿನ ಜೇಬಿನಲ್ಲಿತ್ತು. ಜೇಬಿಗೆ ಗುಂಡಿ ಹಾಕಿತ್ತು.