ಸುಬೇದಾರರು ಹೇಳಿಕೊಟ್ಟ ಒಂದು ಸಾಲು

ಮೊನ್ನೆ ಮಂಡಿ ಮೊಹಲ್ಲಾದ ಸಗಟು ಅಂಗಡಿಗಳ ಸಾಲಿನಲ್ಲಿ ಹೋಗುತ್ತಿದ್ದೆ. ಮಳೆಗೆ ನೆನೆದ ಒಣಮೆಣಸಿನಕಾಯಿ ಚೀಲಗಳನ್ನು ಲಾರಿಯಿಂದ ಇಳಿಸುತ್ತಿದ್ದರು. ನೆನೆದ ಮೆಣಸಿನಕಾಯಿಗೆ ಒಂದು ವಾಸನೆ ಇದೆ. ಘಾಟಿನ ಜೊತೆಗೇ ಮುಗ್ಗಲು, ಗೋಣಿಯ ವಾಸನೆ, ಸ್ವಲ್ಪ ಹಳೇ ಗಾರೆಯ ವಾಸನೆ ಕೂಡ… ಮೂಗಿಗೆ ಕರವಸ್ತ್ರ ಹಿಡಿದು ನಿಂತುಬಿಟ್ಟೆ. ಜೊತೆಯಲ್ಲಿದ್ದ ಹೆಂಡತಿ, ಕೆಮ್ಮು ಬಂತಾ ಎಂದು ಕೇಳಿದಳು. ಬಂದದ್ದು ಸಿಟ್ಟು. ಇಷ್ಟು ವರ್ಷವಾದರೂ ಆರದೆ ಉಳಿದಿರುವ ಸಿಟ್ಟು.

ಸುಬೇದಾರರು ನಮ್ಮ ಪಕ್ಕದ ಮನೆಯವರು. ಗೋಡೆಗೆ ಗೋಡೆ ಅಂಟಿದ ಮನೆ. ಸೇನೆಯಲ್ಲಿ ಸೇತುವೆ ಕಟ್ಟುವ, ದಾರಿ ಮಾಡುವ ದಳದಲ್ಲಿದ್ದು ನಿವೃತ್ತರಾಗಿ ಬಂದಿದ್ದರು. ಹುಟ್ಟಿದ್ದು ಮಂಡಕಳ್ಳಿ ಕಡೆಯ ಹಳ್ಳಿಯಲ್ಲಿ; ದೇಶವೆಲ್ಲ ಸುತ್ತಿ ಬಂದರೂ ಮಾತು ಮಾತ್ರ ಊರಿನದೇ. ಬೀದಿಯ ಮೋರಿ ಕಟ್ಟಿಕೊಂಡರೆ ಯಾರಿಗೂ ಅರ್ಜಿ ಕೊಡದೆ ತಾವೇ ಹಾರೆ ಹಿಡಿದು ಇಳಿಯುತ್ತಿದ್ದರು. ಮೇಲೆ ಬಂದ ಮೇಲೆ ಮನೆಮನೆಯ ಮುಂದೆ ನಿಂತು ಬೈಯುತ್ತಿದ್ದರು. ಅವರ ಬೈಗುಳಕ್ಕೆ ಹೆದರಿಯೇ ನಮ್ಮ ಬೀದಿ ಚೊಕ್ಕಟವಾಗಿತ್ತು.

ತೊಂಬತ್ತರ ದಶಕದ ನಡುಭಾಗ ಅದು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಬೆರಳಚ್ಚು ನನ್ನ ಕೆಲಸ. ಕಚೇರಿಯ ಹೆಸರು ಬೇಡ. ಭಾನುವಾರ ಬೆಳಿಗ್ಗೆ ಸುಬೇದಾರರು ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಪ್ರವಾಹದಲ್ಲಿ ಜನರನ್ನು ದಾಟಿಸಿದ ಕತೆ ಹೇಳುತ್ತಿದ್ದರು. ಎಲ್ಲ ಕತೆಯೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಿತ್ತು.

"ಸೈನ್ಯ ತಾನಾಗೇ ಬರಾಂಗಿಲ್ಲ ಕಣಪ್ಪ. ಊರೇ ಮುಳುಗ್ಲಿ, ನಿಮ್ಮಂತೋರು ಕಾಗ್ದ ಬರ್ದು ಕರೀಬೇಕು. ಕರ್ಯೋವಾಗ ಎಷ್ಟ್ ಜನ ಬೇಕು, ಯಾವ್ ಗಾಡಿ ಬೇಕು ಅಂತ ಬರೀಬಾರ್ದು. ಏನ್ ಕೆಲ್ಸ ಆಗ್ಬೇಕು ಅಂತ ಬರೀಬೇಕು. ಕೆಲ್ಸ ಹೇಳ್ಬುಟ್ರೆ ಸಾಮಾನು ಅವ್ರೇ ತತ್ತಾರೆ."

ನಾನು ಹೂಂಗುಟ್ಟುತ್ತಿದ್ದೆ. ಹೂಂಗುಟ್ಟುವುದರಲ್ಲಿ ನಾನು ಆಗಲೇ ಪಳಗಿದ್ದೆ.

ಆ ವರ್ಷ ವಾರಗಟ್ಟಲೆ ಮಳೆ ಹಿಡಿದಿತ್ತು. ಒಂದು ಬೆಳಿಗ್ಗೆ ಮಂಡಿ ಮೊಹಲ್ಲಾದ ಹಳೆಯ ಮೆಣಸಿನಕಾಯಿ ಗೋದಾಮು ಕುಸಿಯಿತು. ಗಾರೆಯ ಗೋಡೆ, ಕಬ್ಬಿಣದ ತೊಲೆಗಳ ಮೇಲೆ ತಾರಸಿ. ಗೋಡೆ ಬಿರುಕು ಬಿಟ್ಟಿದೆ ಎಂದು ಹಮಾಲರು ಹೇಳಿದರೂ ಕೇಳದೆ ಯಜಮಾನ ಮೇಲಿನ ಅಂತಸ್ತಿನಲ್ಲಿ ಚೀಲದ ಮೇಲೆ ಚೀಲ ಪೇರಿಸಿದ್ದ. ಕೆಳಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಆಗಷ್ಟೇ ಬಂದು ಕೂತಿದ್ದರು. ಸದ್ದು ಕೇಳಿ ಎಲ್ಲರೂ ಹೊರಗೆ ಓಡಿದರು. ಮೇಟಗಳ್ಳಿಯಿಂದ ಬರುತ್ತಿದ್ದ ಒಬ್ಬಾಕೆ ಒಳಗೆ ಉಳಿದುಬಿಟ್ಟಳು.

ಸುದ್ದಿ ತಿಳಿದ ಕೂಡಲೇ ಸುಬೇದಾರರು ಅಲ್ಲಿಗೆ ಹೋಗಿದ್ದರು. ಬುಲ್ಡೋಜರ್ ತಂದು ಗುಡ್ಡೆ ಎಳೆಯಲು ಹೊರಟವರ ಮುಂದೆ ಕೈ ಅಗಲಿಸಿ ನಿಂತರಂತೆ. ಸೇರಿದ್ದ ಜನರನ್ನೆಲ್ಲ ಸುಮ್ಮನಾಗಿಸಿ, ಕಲ್ಲಿಗೆ ಕಿವಿಯಿಟ್ಟು, ಕಲ್ಲಿನಿಂದ ಮೂರು ಸಲ ತಟ್ಟಿದರಂತೆ. ಒಳಗಿನಿಂದ ಮೂರು ಸಲ ತಟ್ಟಿದ ಸದ್ದು ಬಂತು. ಆಮೇಲೆ ದನಿಯೂ ಬಂತು.

ಅಲ್ಲಿಂದ ಅವರು ಸೀದಾ ಸೈಕಲ್ ತುಳಿದುಕೊಂಡು ನಮ್ಮ ಕಚೇರಿಗೆ ಬಂದರು. ಮೊಣಕಾಲುದ್ದ ಕೆಸರು, ಖಾಕಿ ಚಡ್ಡಿ, ಕೆಂಪಾದ ಕಣ್ಣು. ಜವಾನ ತಡೆದರೂ ನಿಲ್ಲದೆ ನನ್ನ ಮೇಜಿನ ಹತ್ತಿರಕ್ಕೇ ಬಂದರು.

"ಒಬ್ಳು ಒಳಗವ್ಳೆ. ಜೀವಂತ್ವಾಗವ್ಳೆ, ಮಾತಾಡ್ತಾವ್ಳೆ. ಕಬ್ಬುಣದ ತೊಲೆ ಕಾಲ್ ಮೇಲೆ ಅಡ್ಡ ಬಿದ್ದದೆ. ಗ್ಯಾಸ್‌ನಲ್ಲಿ ಕುಯ್ಯಾಂಗಿಲ್ಲ, ಗೋಣಿಚೀಲಕ್ಕೆ ಕಿಡಿ ಹಾರುದ್ರೆ ಅಲ್ಲೇ ಬೆಂದೋಯ್ತಾಳೆ. ಲಾರಿ ಜಾಕಿ ಕೊಟ್ರೆ ಕೆಸ್ರಲ್ಲಿ ಹೂತೋಯ್ತದೆ. ಬೆಂಗ್ಳೂರಿಂದ ಸೈನ್ಯದೋರೇ ಬರ್ಬೇಕು. ನಿಮ್ ಸಾಹೇಬ್ರು ಕಾಗ್ದ ಕಳ್ಸಾರಂತೆ. ಬರ್ಕೊ."

ಒಂದು ಚೀಟಿಯ ಮೇಲೆ ಬರೆದುಕೊಂಡೆ. ಕುಸಿದ ಗೋದಾಮಿನಲ್ಲಿ ಕಬ್ಬಿಣದ ತೊಲೆಯಡಿ ಸಿಕ್ಕಿಕೊಂಡಿರುವ ಹೆಂಗಸನ್ನು ಜೀವಂತವಾಗಿ ಹೊರತೆಗೆಯಬೇಕು. ಅವರು ಅದನ್ನು ಎರಡು ಸಲ ಓದಿದರು.

"ಇದೊಂದ್ ಸಾಲು ಸಾಕು. ಮಿಕ್ಕಿದ್ದು ಅವ್ರಿಗೆ ಗೊತ್ತದೆ" ಎಂದು ಹೇಳಿ ಬಂದಷ್ಟೇ ಬೇಗ ಹೊರಟುಹೋದರು.

ಈಗ ಶಿರಸ್ತೇದಾರರ ವಿಷಯ. ನನ್ನ ಮೇಲಧಿಕಾರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ಈತನೇ. ವಿಧವೆಯರ ಪಿಂಚಣಿ ಕಾಗದವನ್ನು ತಿಂಗಳುಗಟ್ಟಲೆ ತೊಡೆಯಡಿ ಇಟ್ಟುಕೊಂಡು ಕೂತವನು. ಹೊಸದಾಗಿ ಏನನ್ನಾದರೂ ಬರೆದು ತೆಗೆದುಕೊಂಡು ಹೋದರೆ ಮೊದಲ ಪ್ರಶ್ನೆ, "ಹಿಂದೆ ಹೀಗೆ ಬರೆದದ್ದು ಉಂಟಾ?" ಹಿಂದೆ ಆಗಿರದಿದ್ದರೆ ಮುಂದೆಯೂ ಆಗಬಾರದು, ನಮ್ಮ ಕಚೇರಿಯ ಧರ್ಮವೇ ಅದು. ಆ ದಿನ ಒಳಗಿನಿಂದಲೇ ಕೂಗಿದ:

"ಸೈನ್ಯಕ್ಕೆ ಬರಿಯೋದು ಹುಡುಗಾಟ ಅಲ್ಲ ಕಣ್ರೀ. ಹಿಂದೆ ಒಂದ್ಸಲ ಕರೆಸಿದ್ರಲ್ಲ, ಆ ಕಡತ ತೆಗೀರಿ. ಅದನ್ನ ನೋಡ್ಕೊಂಡು ಬೇಗ ಟೈಪ್ ಹೊಡೀರಿ."

ಕಡತ ತೆಗೆದೆ. ಹಿಂದೆ ಕರೆಸಿದ್ದು ಗಲಭೆಗೆ. ಶಾಂತಿ ಕಾಪಾಡಲು ಒಂದು ತುಕಡಿಯನ್ನು ಕಳುಹಿಸಬೇಕು, ಇಂಥ ಜಾಗದಲ್ಲಿ ಉದ್ಭವಿಸಿರುವ ಪರಿಸ್ಥಿತಿಯನ್ನು ಹತೋಟಿಗೆ ತರಬೇಕು ಎಂದು ಅದರಲ್ಲಿತ್ತು. ತಾರೀಖು ಬದಲಿಸಿದೆ, ಜಾಗ ಬದಲಿಸಿದೆ. ಉಳಿದದ್ದನ್ನು ಅಕ್ಷರ ಬಿಡದೆ ಹೊಡೆದೆ. ಸುಬೇದಾರರ ಚೀಟಿ ನನ್ನ ಮೊಣಕೈ ಕೆಳಗೇ ಇತ್ತು.

ಶಿರಸ್ತೇದಾರ ಆ ಚೀಟಿಯನ್ನು ನೋಡಿರಲಿಲ್ಲ. ಸೇರಿಸಬೇಡ ಎಂದೂ ಹೇಳಿರಲಿಲ್ಲ. ಸೇರಿಸಿದರೆ ಯಾರು ಹೇಳಿದ್ದು ಎನ್ನುತ್ತಾನೆ, ಕೆಸರು ಚಡ್ಡಿಯ ಪಕ್ಕದ ಮನೆಯವರು ಎಂದರೆ ಕಚೇರಿಯೆಲ್ಲ ನಗುತ್ತದೆ ಎಂದು ನಾನೇ ಲೆಕ್ಕ ಹಾಕಿದೆ. ಶಿರಸ್ತೇದಾರನಿಗೂ ಮೇಲಿನವರಾದ ಸಾಹೇಬರು ಗೋದಾಮಿನ ಕಡೆಗೆ ಹೊರಟು ನಿಂತಿದ್ದರು. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು, ಓದದೆ ಸಹಿ ಹಾಕಿದರು. ಫ್ಯಾಕ್ಸ್ ಬೆಂಗಳೂರಿಗೆ ಹೋಯಿತು.

ಮಧ್ಯಾಹ್ನ ನನ್ನನ್ನೂ ಅಲ್ಲಿಗೆ ಕಳಿಸಿದರು. ಇಡೀ ಬೀದಿ ಸೀನುತ್ತಿತ್ತು. ಹಮಾಲರು ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೈಯಿಂದ ಕೈಗೆ ಕಲ್ಲು ದಾಟಿಸುತ್ತಿದ್ದರು. ಸುಬೇದಾರರು ಹೊಟ್ಟೆಯ ಮೇಲೆ ಮಲಗಿ, ಒಂದು ಸಂದಿನಲ್ಲಿ ರಬ್ಬರ್ ಕೊಳವೆ ತೂರಿಸಿ ನೀರು ಬಿಡುತ್ತಾ ಆಕೆಯ ಜೊತೆ ಮಾತಾಡುತ್ತಿದ್ದರು. ಒಳಗಿನ ದನಿ ನನಗೂ ಕೇಳಿಸಿತು.

"ಅಣ್ಣಾ, ಕಣ್ಣು ಉರೀತದೆ ಅಣ್ಣಾ."

"ಮುಚ್ಕೊಂಡಿರವ್ವಾ. ನೀರು ಬುಡ್ತಾ ಇವ್ನಿ, ಮುಖಕ್ಕೆ ಹಾಕೋ."

"ನನ್ ಮಗ್ಳು ಸ್ಕೂಲಿಂದ ಬರೋ ಹೊತ್ತಾಯ್ತಾ?"

"ಇನ್ನೂ ಇಲ್ಲ ಕಣವ್ವಾ. ಅಷ್ಟ್ರೊಳಗೆ ಸೈನ್ಯದೋರು ಬತ್ತಾರೆ. ಕಾಗ್ದ ಹೋಗದೆ."

ಕಾಗದ ಹೋಗಿದೆ… ಆ ಮಾತನ್ನು ಅವರು ಎಷ್ಟು ಸಲ ಹೇಳಿದರೋ. ನಾನು ಅಲ್ಲೇ ನಿಂತು ಕೇಳಿದೆ. ಆಗಲಾದರೂ ಓಡಿಹೋಗಿ ಇನ್ನೊಂದು ಫ್ಯಾಕ್ಸ್ ಕಳಿಸಬಹುದಿತ್ತು. ಅಂಚೆ ಕಚೇರಿಯ ಫೋನಿನಿಂದ ಬೆಂಗಳೂರಿಗೆ ಒಂದು ಮಾತು ಹೇಳಿಸಬಹುದಿತ್ತು. ಸೈನ್ಯ ಬಂದರೆ ಸಾಕು, ಹೇಗೋ ಆಗುತ್ತದೆ ಎಂದುಕೊಂಡು ನಿಂತೆ. ನನ್ನಂಥವರಿಗೆ ಚಪ್ಪಲಿಯಲ್ಲಿ ಹೊಡೆಯಬೇಕು.

ಸಂಜೆಗೆ ಸ್ವಲ್ಪ ಮೊದಲು ಎರಡು ಲಾರಿ ಬಂದವು. ಜನ ಚಪ್ಪಾಳೆ ತಟ್ಟಿದರು. ಲಾರಿಯಿಂದ ಸಿಪಾಯಿಗಳು ಇಳಿದರು, ಕೈಯಲ್ಲಿ ಬಂದೂಕು. ಒಬ್ಬನ ಹೆಗಲ ಮೇಲೆ ಬಿದಿರು ಕೋಲುಗಳಿಗೆ ಸುತ್ತಿದ ಬಟ್ಟೆಯಿತ್ತು. ಬಿಡಿಸಿದರೆ ಅದರ ಮೇಲೆ ದೊಡ್ಡ ಅಕ್ಷರದಲ್ಲಿ, ಕೂಡಲೇ ಚದುರಿ, ಇಲ್ಲವಾದರೆ ಗುಂಡು ಹಾರಿಸಲಾಗುವುದು ಎಂದು ಬರೆದಿತ್ತು. ಜಾಕಿ ಇಲ್ಲ, ಗರಗಸ ಇಲ್ಲ, ಆಸರೆಗೆ ಕೊಡುವ ಒಂದು ಮರದ ದಿಮ್ಮಿಯೂ ಇಲ್ಲ. ಅವರದೇನು ತಪ್ಪು? ಕೇಳಿದ್ದನ್ನು ತಂದಿದ್ದರು.

ಚಿಕ್ಕ ವಯಸ್ಸಿನ ಅಧಿಕಾರಿ ಸುತ್ತ ನೋಡಿದ. ಹೊಡೆದಾಡುವ ಗುಂಪಿಗಾಗಿ ಹುಡುಕುತ್ತಿದ್ದನೋ ಏನೋ. ಕಂಡದ್ದು ಕೆಂಪು ಧೂಳಿನಲ್ಲಿ ಮುಳುಗಿದ ಹಮಾಲರು. ಒಂದು ನಿಮಿಷದಲ್ಲಿ ಅವನಿಗೆ ಎಲ್ಲ ಅರ್ಥವಾಯಿತು. ಬಂದೂಕುಗಳನ್ನೆಲ್ಲ ಲಾರಿಯಲ್ಲಿಡಿಸಿ ಒಬ್ಬನನ್ನು ಕಾವಲಿಗೆ ನಿಲ್ಲಿಸಿದ. ಬೇಕಾದ ಸಾಮಾನಿಗೆ ವೈರ್‌ಲೆಸ್‌ನಲ್ಲಿ ಹೇಳಿದ. ತಾನೂ ತೋಳು ಮಡಿಸಿ ಕಲ್ಲು ಎತ್ತಲು ಇಳಿದ. ಆ ಹುಡುಗರು ಉಗುರು ಕಿತ್ತು ಬರುವವರೆಗೆ ದುಡಿದರು, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಬೆಂಗಳೂರಿನಿಂದ ಇನ್ನೊಂದು ಲಾರಿ ಬರಬೇಕಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ದೀಪ ಹಚ್ಚುವ ಹೊತ್ತಿಗೆ ಸುಬೇದಾರರು ಎಲ್ಲರಿಗೂ ಕೈಯೆತ್ತಿ ಸುಮ್ಮನಿರಲು ಹೇಳಿದರು. ಕಲ್ಲಿಗೆ ಮೂರು ಸಲ ತಟ್ಟಿದರು. ಕಾದರು. ಮತ್ತೆ ತಟ್ಟಿದರು…

ಬಹಳ ಹೊತ್ತಾದ ಮೇಲೆ ಎದ್ದು, ಆ ಅಧಿಕಾರಿಯ ಕೈಯಲ್ಲಿದ್ದ ನಮ್ಮ ಕಾಗದವನ್ನು ಕೇಳಿ ಪಡೆದು ಓದಿದರು. ಓದಿ ನನ್ನ ಹತ್ತಿರ ಬಂದರು. ಹುಬ್ಬಿನ ಮೇಲೆಲ್ಲ ಮೆಣಸಿನಕಾಯಿ ಬೀಜ ಅಂಟಿತ್ತು.

"ನಾನ್ ಹೇಳಿದ್ ಸಾಲು ಬರ್ದಿದ್ಯಾ?"

"ಬರ್ದಿದ್ದೆ ಸಾರ್" ಎಂದೆ. "ಶಿರಸ್ತೇದಾರ್ರು ಹೊಡೆದುಹಾಕಿದ್ರು."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಒಂದು ಅಕ್ಷರವೂ ತೊದಲಲಿಲ್ಲ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ನೀನೇನ್ ಮಾಡೀಯಪ್ಪ, ಬುಡು" ಎಂದರು. ತೊಲೆ ಎತ್ತುವ ಸಾಮಾನು ಬಂದದ್ದು ಮಾರನೆಯ ಬೆಳಿಗ್ಗೆ. ಆಕೆಯ ದೇಹವನ್ನು ಹೊರಗೆ ತಂದಾಗ ಗಂಡ ಪಕ್ಕದಲ್ಲಿ ನಿಂತಿದ್ದ, ಮಗಳನ್ನು ಯಾರೋ ದೂರ ಕರೆದುಕೊಂಡು ಹೋಗಿದ್ದರು.

ಆ ದಿನದಿಂದ ಸುಬೇದಾರರು ಅರ್ಜಿ ಬರೆಯಲು ಕೂತರು. ಮೋರಿಗೂ ಅರ್ಜಿ ಕೊಡದಿದ್ದ ಮನುಷ್ಯ! ಪದಕ ಸಿಕ್ಕಿಸಿದ ಕೋಟು ಹಾಕಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಗುಮಾಸ್ತ ಸರಿಯಾಗಿಯೇ ಬರೆದಿದ್ದ, ಶಿರಸ್ತೇದಾರ ಹೊಡೆದುಹಾಕಿದ ಎಂದು ಎಲ್ಲ ಕಡೆ ಹೇಳಿದರು. ವಿಚಾರಣೆ ನಡೆಯಿತು. ಮಳೆಯೇ ಕಾರಣ, ಸೇನೆ ಸಕಾಲಕ್ಕೆ ಬಂದಿತ್ತು ಎಂದು ವರದಿ ಬಂತು. ಗೋದಾಮಿನ ಯಜಮಾನ ಅದೇ ಜಾಗದಲ್ಲಿ ಹೊಸ ಗೋದಾಮು ಕಟ್ಟಿಸಿದ. ಆ ವರದಿ ಬರೆದವರ ಕೈಯಲ್ಲಿ ಒಂದು ದಿನ ಆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡಿಸಬೇಕಿತ್ತು.

ಆದರೂ ಅರ್ಜಿಗಳ ಕಾಟ ತಡೆಯಲಾರದೆ ಶಿರಸ್ತೇದಾರನನ್ನು ದೂರದ ತಾಲ್ಲೂಕಿಗೆ ಎತ್ತಿಹಾಕಿದರು, ಬಡ್ತಿಯನ್ನೂ ತಡೆದರು. ಅವನು ಮಾಡಿದ ನೂರು ಪಾಪಗಳಿಗೆ ಏನೂ ಆಗಿರಲಿಲ್ಲ, ಮಾಡದ ಒಂದಕ್ಕೆ ಆಯಿತು. ವಿಚಾರಣೆಯಲ್ಲಿ ನನ್ನನ್ನು ಕೇಳಿದಾಗ ನೆನಪಿಲ್ಲ ಎಂದಿದ್ದೆ. ಕೆಲವು ವರ್ಷಗಳ ನಂತರ ಅದೇ ಕುರ್ಚಿಯಲ್ಲಿ ನಾನೇ ಕೂತೆ. ಆ ದಿನ ಸುಬೇದಾರರು ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದರು. "ಈಗ ಆ ಕಚೇರೀಲಿ ಒಬ್ಬ ಮನ್ಸ ಕೂತವ್ನೆ" ಎಂದರು. ನಾನು ತಿಂದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಚಳಿಗಾಲದಲ್ಲಿ ಅವರು ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ದಿನವೂ ಹೋಗಿ ಪಕ್ಕದಲ್ಲಿ ಕೂತಿರುತ್ತಿದ್ದೆ. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗುತ್ತಿದ್ದೆ, ಕಾಫಿ ಕುಡಿದು ಬರುತ್ತಿದ್ದೆ. ತಿಥಿ ಮುಗಿದ ಮೇಲೆ ಅವರ ಹೆಂಡತಿ ಕರೆದು, ದಾರ ಕಟ್ಟಿದ ಅರ್ಜಿಗಳ ಕಟ್ಟನ್ನು ನನ್ನ ಕೈಗಿಟ್ಟರು.

"ಇದ್ನ ನಿಮ್ಗೇ ಕೊಡ್ಬೇಕು ಅಂದಿದ್ರು ಕಣಪ್ಪ. ಯಾರ್ನೂ ಹೊಗ್ಳೋರಲ್ಲ ಅವ್ರು. ನಿಮ್ಮೊಬ್ರುನ್ನ ಮಾತ್ರ…" ಎಂದು ಅತ್ತರು. ಸಮಾಧಾನ ಹೇಳಿದೆ. ಅದಕ್ಕೂ ಬಾಯಿ ಬಂತು ನನಗೆ.

ಈಗ ಆ ತಾಯಿಯೂ ಇಲ್ಲ. ಪಕ್ಕದ ಮನೆ ಕೆಡವಿ ಮೂರು ಅಂತಸ್ತಿನ ಕಟ್ಟಡ ಎದ್ದಿದೆ, ಕೆಳಗೆ ಮೊಬೈಲ್ ಅಂಗಡಿ. ನಾನು ಪಿಂಚಣಿ ತಿನ್ನುತ್ತಾ ಕೂತಿದ್ದೇನೆ. ಇಷ್ಟು ವರ್ಷ ಶಿರಸ್ತೇದಾರನನ್ನು ಬೈದೆ, ಯಜಮಾನನನ್ನು ಬೈದೆ, ಓದದೆ ಸಹಿ ಹಾಕಿದ ಸಾಹೇಬರನ್ನೂ ಬೈದೆ. ಅವರೆಲ್ಲ ಬೈಗುಳಕ್ಕೆ ಯೋಗ್ಯರೇ. ಆದರೆ ಮೊನ್ನೆ ಆ ಬೀದಿಯಿಂದ ಬಂದವನು ಅರ್ಜಿಗಳ ಕಟ್ಟು ಬಿಚ್ಚಿ ಕೂತೆ. ಒಂದೊಂದರಲ್ಲೂ, ಅವರ ಗುಂಡುಗುಂಡಾದ ಅಕ್ಷರದಲ್ಲಿ, ನನ್ನ ಪರವಾಗಿ ಒಂದು ಸಾಲು.

ಬರೆಯಲಿಲ್ಲ ಸಾರ್. ಯಾರೂ ಹೊಡೆದುಹಾಕಲಿಲ್ಲ. ನಾನು ಬರೆಯಲೇ ಇಲ್ಲ.